ಪುಟ್ಟಲಕ್ಷ್ಮಿಯ ಹೆಸರಿನಲ್ಲಿ

ಕೀಂ... ಕೀಂ... ಕೀಂ...

ಕರೆಂಟು ಹೋದೊಡನೆ ಕಂಪ್ಯೂಟರ್ ಲ್ಯಾಬಿನ ಮೂಲೆಯಲ್ಲಿದ್ದ ಯುಪಿಎಸ್ ಹೀಗೆ ಕೂಗತೊಡಗುತ್ತಿತ್ತು. ಬ್ಯಾಟರಿ ಹಳತು, ಹೆಚ್ಚು ಹೊತ್ತು ತಡೆಯುತ್ತಿರಲಿಲ್ಲ. "ಸೇವ್ ಮಾಡ್ಕೊಳ್ರೋ! ಸೇವ್ ಮಾಡ್ಕೊಳ್ರೇ!" ಎಂದು ಲ್ಯಾಬ್ ಸಹಾಯಕಿ ಪುಟ್ಟಲಕ್ಷ್ಮಿ ಬಾಗಿಲ ಬಳಿಯ ತನ್ನ ಮೇಜಿನಿಂದಲೇ ಗಂಟಲು ಹರಿದುಕೊಳ್ಳುವಳು. ಅವಳ ಮಾತು ಮುಗಿಯುವಷ್ಟರಲ್ಲಿ ಹಿಂದಿನ ಸಾಲಿನ ಪರದೆಗಳು ಕಪ್ಪಾಗಿರುತ್ತಿದ್ದವು. ಹುಡುಗರು ಹೋ ಎನ್ನುವರು. ಕರೆಂಟು ಬಂದ ಮೇಲೆ ಅವಳು ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಏಳುವಳು. ಸಾಲಿನಿಂದ ಸಾಲಿಗೆ ಹೋಗಿ, ಲಾಗಿನ್ ಇಲ್ಲದ ಮಕ್ಕಳ ಮುಂದಿನ ಕಂಪ್ಯೂಟರಿನಲ್ಲೆಲ್ಲ ತನ್ನದೇ ಹೆಸರು, ತನ್ನದೇ ಪಾಸ್‌ವರ್ಡ್ ಒತ್ತಿ ಕೊಡುವಳು.

ಕೆಂಗೇರಿ ದಾಟಿದ ಮೇಲೆ ಸಿಗುವ ಆ ಖಾಸಗಿ ವಿಶ್ವವಿದ್ಯಾಲಯದಲ್ಲಿ ಫೀಸು ಪೂರ್ತಿ ಕಟ್ಟಿದವರಿಗೆ ಮಾತ್ರ ಲಾಗಿನ್ ಸಿಗುತ್ತಿತ್ತು. ಸ್ಕಾಲರ್‌ಶಿಪ್ ನಂಬಿಕೊಂಡು ಸೇರಿದ ಮಕ್ಕಳಿಗೆ ಅದು ಕೈಗೆ ಬರುವಾಗ ಅರ್ಧ ಸೆಮಿಸ್ಟರ್ ಕಳೆದಿರುತ್ತಿತ್ತು. ಅಸೈನ್‌ಮೆಂಟು ಮಾತ್ರ ಯಾರಿಗೂ ಕಾಯುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಗದಗಿನ ಕಡೆಯ ಹುಡುಗಿಯೊಬ್ಬಳು ಆರಿದ ಪರದೆಯ ಮುಂದೆ ಕೈಕಟ್ಟಿ ಕುಳಿತಿದ್ದುದನ್ನು ನೋಡಲಾರದೆ ಪುಟ್ಟಲಕ್ಷ್ಮಿ ಮೊದಲ ಸಲ ತನ್ನ ಲಾಗಿನ್ ಕೊಟ್ಟಳು. ಆಮೇಲೆ ಅದು ರೂಢಿಯಾಯಿತು.

ಅವಳಿಗೆ ಅದರಲ್ಲಿ ತಪ್ಪು ಕಾಣಿಸಲೇ ಇಲ್ಲ. ಮದುವೆಯಾಗಿ ಸುಂಕದಕಟ್ಟೆಯ ವಠಾರಕ್ಕೆ ಬಂದಾಗಿನಿಂದ ನೋಡಿದ್ದಳು, ಅಲ್ಲಿ ಎಲ್ಲ ಮನೆಗಳ ಬೀಗದ ಕೈಯೂ ಕರೆಂಟ್ ಮೀಟರಿನ ಡಬ್ಬಿಯ ಮೇಲೇ ಇರುತ್ತಿತ್ತು. ಹಾಲು ಉಕ್ಕುವ ವಾಸನೆ ಬಂದರೆ ಯಾರು ಬೇಕಾದರೂ ಯಾರ ಮನೆಗೆ ಬೇಕಾದರೂ ನುಗ್ಗಿ ಒಲೆ ಆರಿಸುವರು. ಗಂಡ ನಾಯಂಡಹಳ್ಳಿಯ ಲೇತ್ ವರ್ಕ್‌ಶಾಪಿನಲ್ಲಿ ಕುಸಿದುಬಿದ್ದು ತೀರಿಕೊಂಡ ಮಧ್ಯಾಹ್ನ, ಅವಳು ಆಸ್ಪತ್ರೆಯಲ್ಲಿದ್ದಾಗ, ಅತ್ತೆಗೆ ಗಂಜಿ ಕಾಯಿಸಿ ಕುಡಿಸಿದ್ದು ಹಾಗೆ ಬೀಗ ತೆಗೆದುಕೊಂಡು ಒಳಬಂದ ಪಕ್ಕದ ಮನೆಯವರೇ.

"ಲಕ್ಷ್ಮಕ್ಕಾ, ಪಾಸ್‌ವರ್ಡ್ ಹೇಳ್ಬಿಡಿ. ಸುಮ್ನೆ ಯಾಕೆ ಕಾಲು ಸವೆಸ್ಕೊಳ್ತೀರಾ?" ಎನ್ನುವರು ಹುಡುಗರು.

"ಹೇಳಲ್ಲ ಕಣ್ರೋ. ಅದೊಂದಾದ್ರೂ ನನ್ ಹತ್ರ ಇರ್ಲಿ."

"ಅಕ್ಕ ಟೈಪ್ ಮಾಡೋ ಸ್ಪೀಡಿಗೆ ನಮ್ಮಜ್ಜಿಗೂ ಪಾಸ್‌ವರ್ಡ್ ಬಾಯಿಪಾಠ ಆಗಿರುತ್ತೆ ಮಗಾ!"

ಎಲ್ಲರೂ ನಗುವರು, ಅವಳೂ ನಗುವಳು. ಅವಳ ಮೇಜಿನ ಹಿಂದಿನ ಗೋಡೆಗೆ ನಿಯಮಗಳ ಹಾಳೆ ಅಂಟಿತ್ತು: ತಮ್ಮ ಲಾಗಿನ್ನನ್ನು ಮತ್ತೊಬ್ಬರಿಗೆ ಕೊಡತಕ್ಕದ್ದಲ್ಲ, ಅದರಲ್ಲಿ ನಡೆದುದಕ್ಕೆಲ್ಲ ಲಾಗಿನ್ ಪಡೆದವರೇ ಹೊಣೆ. ಅದನ್ನು ಗೋಂದು ಸವರಿ ನೆಟ್ಟಗೆ ಅಂಟಿಸಿದವಳು ಅವಳೇ.

ಅಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತೇನೋ. ಆದರೆ ಸ್ಕಾಲರ್‌ಶಿಪ್ ಅರ್ಜಿಗೆ ಪ್ರತಿ ಸಲವೂ ಫೋಟೋ, ಅಂಕಪಟ್ಟಿ, ಆಧಾರ್ ಸ್ಕ್ಯಾನ್ ಮಾಡಿಸಲು ಮಕ್ಕಳು ಜೆರಾಕ್ಸ್ ಅಂಗಡಿಗೆ ದುಡ್ಡು ಸುರಿಯುವುದು ಅವಳ ಹೊಟ್ಟೆ ಉರಿಸುತ್ತಿತ್ತು. ತನ್ನ ಲಾಗಿನ್ನಿನೊಳಗೆ 'ಮಕ್ಕಳು' ಎಂದೊಂದು ಫೋಲ್ಡರ್ ಮಾಡಿದಳು. ಅದರಲ್ಲಿ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು. ಉಲ್ಲಾಳದಿಂದ ಬರುತ್ತಿದ್ದ ತನ್ಮಯಿ ಅಂಥವರಲ್ಲಿ ಒಬ್ಬಳು. ಮಾತು ಕಡಿಮೆ, ಬುದ್ಧಿ ಚುರುಕು. ಬಸ್ಸು ಸಿಗುವವರೆಗೂ ಪುಟ್ಟಲಕ್ಷ್ಮಿಯ ಮೇಜಿನ ಪಕ್ಕದ ಕಂಪ್ಯೂಟರಿನಲ್ಲೇ ಕುಳಿತಿರುವಳು. ಅರ್ಜಿ ಹಾಕಿ ಮುಗಿದ ದಿನ ಅವಳು ತನ್ನ ಫೋಟೋ ಅಳಿಸಲು ಹೊರಟಾಗ ಪುಟ್ಟಲಕ್ಷ್ಮಿಯೇ ಕೈ ಹಿಡಿದಳು: "ಇರ್ಲಿ ಬಿಡೇ, ಮುಂದಿನ ವರ್ಷಕ್ಕೆ ಬೇಕಾಗುತ್ತೆ."

ಒಂದು ಶುಕ್ರವಾರ ಸಂಜೆ, ಕರೆಂಟು ಹೋಗಿ ಬಂದು ಲ್ಯಾಬೆಲ್ಲ ಗದ್ದಲವಾಗಿದ್ದ ಹೊತ್ತಿನಲ್ಲಿ, ವಿಭಾಗದ ಪ್ರತಿಯೊಬ್ಬರಿಗೂ ಒಂದು ಇಮೇಲ್ ಹೋಯಿತು. ಕಳಿಸಿದವರ ಜಾಗದಲ್ಲಿ ಪುಟ್ಟಲಕ್ಷ್ಮಿಯ ಹೆಸರಿತ್ತು. ಒಳಗೆ ತನ್ಮಯಿಯ ಮುಖ; ಮೈ ಇನ್ಯಾರದೋ, ಬಟ್ಟೆಯಿಲ್ಲದ್ದು. ಕೆಳಗೆ ಅವಳ ಫೋನ್ ನಂಬರು.

ಸೋಮವಾರ ಲ್ಯಾಬಿಗೆ ಬೀಗ ಬಿದ್ದಿತ್ತು. ನೆಟ್‌ವರ್ಕ್ ನೋಡಿಕೊಳ್ಳುವ ಶಿವಕಿರಣ್ ಅವಳನ್ನು ಮೇಲಿನ ತನ್ನ ಕೋಣೆಗೆ ಕರೆದ. ಒಳ್ಳೆಯ ಹುಡುಗ, ಬಸವೇಶ್ವರನಗರದವನು, ಯಾರ ಮೇಲೂ ದನಿ ಎತ್ತಿದವನಲ್ಲ.

"ಮೇಡಂ, ಮೂರನೇ ಸಾಲಲ್ಲಿ ಕಿಟಕಿ ಕಡೆ ಮಷಿನ್. ಅಲ್ಲಿ ಯಾರು ಕೂತಿದ್ರು?"

"ಕರೆಂಟ್ ಹೋದಾಗ ಎಲ್ಲಾ ಎದ್ದು ಅದಲು ಬದಲು ಕೂತ್ರು ಸಾರ್. ನೆನಪಿಲ್ಲ."

"ಕ್ಯಾಮೆರಾ ಬಾಗಿಲಿಗೆ ಮಾತ್ರ ಇದೆ, ಯಾರೂ ಮೌಸ್ ಕದೀಬಾರ್ದು ಅಂತ." ಅವನು ಪರದೆಯನ್ನು ಅವಳತ್ತ ತಿರುಗಿಸಿದ. ಉದ್ದಕ್ಕೂ ಅವಳ ಹೆಸರೇ ಇಳಿದುಕೊಂಡು ಹೋಗಿತ್ತು. "ನೋಡಿ. ನಮ್ ಲೆಕ್ಕದಲ್ಲಿ ಅವತ್ತು ಅರ್ಧ ಲ್ಯಾಬ್‌ನಲ್ಲಿ ನೀವೊಬ್ರೇ ಕೂತಿದ್ರಿ. ಆ ಮಷಿನ್‌ನಲ್ಲೂ ನೀವೇ, ಪಕ್ಕದ್ದರಲ್ಲೂ ನೀವೇ. ಒಬ್ಬೊಬ್ರು ಅವರವರ ಲಾಗಿನ್‌ನಲ್ಲಿ ಕೂತಿದ್ರೆ ಇಷ್ಟು ಹೊತ್ತಿಗೆ ಅವನು ನನ್ ಮುಂದೆ ಇರ್ತಿದ್ದ."

ಅವಳು ಪರದೆಯ ಮೇಲಿನ ತನ್ನ ಹೆಸರುಗಳನ್ನು ಮೇಲಿನಿಂದ ಕೆಳಗೆ ಓದಿದಳು.

"ಫೋಟೋ ಎಲ್ಲಿಂದ ಸಿಕ್ತು ಅಂತ ಕೇಳಲ್ವಾ ಮೇಡಂ?" ಅವನೇ ಫೋಲ್ಡರ್ ತೆರೆದ. 'ಮಕ್ಕಳು.' ಅದರೊಳಗೆ ಪಾಸ್‌ಪೋರ್ಟ್ ಅಳತೆಯ ಚಿತ್ರಗಳಲ್ಲಿ ಎಣ್ಣೆ ಹಚ್ಚಿ ಬಾಚಿದ ತಲೆಗಳು, ಸ್ಟುಡಿಯೋದ ನೀಲಿ ಪರದೆಯ ಮುಂದೆ ಉಸಿರು ಬಿಗಿಹಿಡಿದ ಮುಖಗಳು. "ನಿಮ್ ಲಾಗಿನ್‌ನಲ್ಲಿ ಕೂತ ಎಲ್ರಿಗೂ ಇದೆಲ್ಲಾ ತೆರೆದೇ ಇತ್ತು."

ಆ ಮುಖಗಳೆಲ್ಲ ತನ್ನನ್ನೇ ನೋಡುತ್ತಿವೆ ಎನ್ನಿಸಿ ಪುಟ್ಟಲಕ್ಷ್ಮಿ ತಲೆ ತಗ್ಗಿಸಿದಳು. ಯಾರಿಗೂ ಸಿಗಬಾರದೆಂದು ತಾಯಂದಿರು ಟ್ರಂಕಿನಲ್ಲಿಡುವುದನ್ನು ಅವಳು ಒಟ್ಟುಮಾಡಿ ಬೀದಿಯಲ್ಲಿ ಹರಡಿದ್ದಳು.

ಮಧ್ಯಾಹ್ನವೇ ಉಲ್ಲಾಳಕ್ಕೆ ಹೋದಳು. ತನ್ಮಯಿಯ ತಾಯಿ ಅಂಬುಜಾ ಮನೆಯ ಮುಂದಿನ ಕೋಣೆಯಲ್ಲಿ ಬ್ಲೌಸ್ ಹೊಲಿಯುತ್ತಿದ್ದವರು. ಅಂದು ಹೊಲಿಗೆ ಯಂತ್ರದ ಮೇಲೆ ಬಟ್ಟೆ ಹೊದಿಸಿತ್ತು. ಅವರು ಗೇಟು ತೆಗೆಯಲಿಲ್ಲ.

"ಏನ್ ನೋಡಕ್ಕೆ ಬಂದ್ರಿ?" ಎಂದರು.

"ತನ್ಮಯೀನ ಮಾತಾಡಿಸ್ಬೇಕಿತ್ತು, ಅಮ್ಮ."

"ಮೂರು ದಿನದಿಂದ ಒಂದು ತುತ್ತು ಇಳಿದಿಲ್ಲ ಅವಳಿಗೆ. ಫೋನ್ ಆಫ್ ಮಾಡಿದ್ವಿ. ಅವಳದ್ದು ಬಿಟ್ರೆ ನಂದಕ್ಕೆ ಮಾಡ್ತಾರೆ. ಎಂಥೆಂಥಾ ಗಂಡಸ್ರು... ಲಕ್ಷ್ಮಕ್ಕ ಲಕ್ಷ್ಮಕ್ಕ ಅಂತ ದಿನಾ ನಿಮ್ ಜಪ ಮಾಡ್ತಿದ್ಲು ನನ್ ಮಗಳು. ಬ್ಲೌಸ್ ಅಳತೆ ಕೊಟ್ಟ ಹೆಂಗಸ್ರು ಬಂದು ಬಟ್ಟೆ ವಾಪಸ್ ಇಸ್ಕೊಂಡು ಹೋದ್ರು, ಗೊತ್ತಾ ನಿಮಗೆ?"

ಒಳಗಿನ ಕತ್ತಲಿನಿಂದ ತನ್ಮಯಿ ಬಾಗಿಲವರೆಗೆ ಬಂದಳು. ಕೂದಲು ಕತ್ತರಿಸಿಕೊಂಡಿದ್ದಳು, ಚಿತ್ರದಲ್ಲಿದ್ದವಳಂತೆ ಕಾಣಬಾರದೆಂದು. ಕತ್ತರಿ ಹೋದ ಕಡೆಗೆಲ್ಲ ಹೋಗಿತ್ತು.

"ಅಕ್ಕಾ," ಎಂದಳು, "ನಾನೇ ಕಳಿಸ್ಕೊಂಡೆ ಅಂತಿದಾರಂತೆ. ಹೌದಾ? ನಿಮ್ ಪಕ್ಕ ಕೂರ್ತಿದ್ದೋಳು ನಾನೇ ಅಲ್ವಾ, ಪಾಸ್‌ವರ್ಡ್ ನಂಗೇ ಗೊತ್ತು, ಫೇಮಸ್ ಆಗಕ್ಕೆ ಹಿಂಗ್ ಮಾಡ್ಕೊಂಡಿದೀನಿ ಅಂತ."

"ಯಾರೇ ಹೇಳಿದ್ದು?"

"ಎಲ್ರೂ. ನೀವು ಹೇಳಿ ಅಕ್ಕಾ, ನಾನಲ್ಲ ಅಂತ. ನಿಮಗೊಬ್ರಿಗೇ ಗೊತ್ತಿರೋದು, ಎಲ್ರಿಗೂ ಲಾಗಿನ್ ಮಾಡ್ಕೊಡ್ತಿದ್ರಿ ಅಂತ."

ಎಲ್ಲರಿಗೂ ಗೊತ್ತಿತ್ತು. ಆ ಲಾಗಿನ್ನಿನಲ್ಲಿ ಕುಳಿತು ಪಾಸಾದವರಿಗೆಲ್ಲ ಗೊತ್ತಿತ್ತು. ಈಗ ಒಬ್ಬರೂ ಬಾಯಿ ಬಿಡುತ್ತಿರಲಿಲ್ಲ, ಬಿಟ್ಟರೆ ತಾನೂ ಶಂಕಿತರ ಸಾಲಿನಲ್ಲಿ ನಿಲ್ಲಬೇಕಾಗುತ್ತದಲ್ಲ. ಹಿಂತಿರುಗುವಾಗ ಬಸ್ಸಿನಲ್ಲಿ ಅವಳ ಲ್ಯಾಬಿನ ಹುಡುಗರು ಕೆಲವರಿದ್ದರು. "ಅಕ್ಕ, ಕೂತ್ಕೊಳಿ" ಎಂದು ಒಬ್ಬ ಎದ್ದು ಜಾಗ ಕೊಟ್ಟ. ಅವಳು ಅವನ ಕೈಬೆರಳುಗಳನ್ನೇ ನೋಡಿದಳು. ಇವನಿರಬಹುದೆ? ಅವನ ಪಕ್ಕದವನು? ಮನೆಯಿಂದ ಅವರೆಕಾಳಿನ ಉಪ್ಪಿಟ್ಟು ತಂದು ತಿನ್ನಿಸಿದ್ದ ಮಕ್ಕಳ ಒಂದೊಂದು ಮುಖದಲ್ಲೂ ಹಾಗೆ ಹುಡುಕಿದಳು. ಇನ್ನು ಮುಂದೆ ಯಾವ ಮುಖವನ್ನೂ ಬೇರೆ ರೀತಿ ನೋಡಲಾರೆನೆಂದು ಅವಳಿಗೆ ಗೊತ್ತಾಯಿತು.

ಮಾರನೆಯ ದಿನ ಸೈಬರ್ ಠಾಣೆಯ ಇನ್ಸ್‌ಪೆಕ್ಟರ್ ಬಂದು ಮೇಲೆ ಶಿವಕಿರಣನ ಕೋಣೆಯಲ್ಲಿ ಕುಳಿತರು. ಪುಟ್ಟಲಕ್ಷ್ಮಿಗೆ ಕರೆ ಬರುವ ಮೊದಲೇ ವಿಭಾಗದ ಮುಖ್ಯಸ್ಥರಾದ ಸೇತುರಾಮರು ಅವಳನ್ನು ತಮ್ಮ ಕೋಣೆಗೆ ಕರೆಸಿಕೊಂಡರು. ಬಾಗಿಲು ಹಾಕಿಸಿದರು. ಕುರ್ಚಿ ತೋರಿಸಿದರು, ಇಷ್ಟು ವರ್ಷದಲ್ಲಿ ಅವಳು ಆ ಕುರ್ಚಿಯಲ್ಲಿ ಕುಳಿತದ್ದು ಅದೇ ಮೊದಲು.

"ಅತ್ತೆ ಹೇಗಿದಾರೆ?"

"ಹಾಗೇ ಇದಾರೆ ಸಾರ್. ಎತ್ತಿ ಕೂರಿಸ್ಬೇಕು, ಮಲಗಿಸ್ಬೇಕು."

"ಹೂಂ. ನೋಡಿ, ನಿಮ್ದು ಔಟ್‌ಸೋರ್ಸ್ ಕೆಲಸ. ಏಜೆನ್ಸಿಗೆ ಒಂದು ಫೋನ್ ಹೋದ್ರೆ ನಾಳೆ ಬೇರೆಯೋರು ಬರ್ತಾರೆ. ನಂಗೆ ಅದು ಇಷ್ಟ ಇಲ್ಲ." ಅವರು ಕನ್ನಡಕ ತೆಗೆದು ಒರೆಸಿದರು. "ಮೇಲೆ ಹೋದಾಗ ಒಂದೇ ಮಾತು ಹೇಳಿ. ಪಾಸ್‌ವರ್ಡ್ ಯಾರೋ ಕದ್ದಿದಾರೆ, ನನಗೇನೂ ಗೊತ್ತಿಲ್ಲ ಅಂತ. ಮುಗೀತು."

"ಕದ್ದಿಲ್ಲ ಸಾರ್. ನಾನೇ ಎಲ್ರಿಗೂ ತೆಗೆದು ಕೊಡ್ತಿದ್ದೆ."

"ಅದು ನಿಮಗೆ ಗೊತ್ತು, ನನಗೆ ಗೊತ್ತು. ಪೊಲೀಸ್ನೋರಿಗೆ ಯಾಕೆ ಗೊತ್ತಾಗ್ಬೇಕು?"

"ಕದ್ದೋರು ಯಾರು ಅಂತ ಕೇಳ್ತಾರಲ್ಲ ಸಾರ್."

"ಗೊತ್ತಿಲ್ಲ ಅನ್ನಿ. ಮಾತು ಹೇಗೂ ಆ ಹುಡುಗಿ ಕಡೆಗೇ ಇದೆ. ನಾವೇನೂ ಬಾಯಿ ಬಿಟ್ಟು ಹೇಳ್ಬೇಕಾಗಿಲ್ಲ."

"ತನ್ನ ಮಾನ ತಾನೇ ಕಳ್ಕೊಳ್ತಾಳಾ ಸಾರ್ ಆ ಮಗು?"

"ಈಗಿನ ಹುಡುಗೀರು ಏನ್ ಮಾಡಲ್ಲ ಹೇಳಿ. ಅಲ್ದೆ ಅವಳು ಹೇಗೂ ಇನ್ನು ಕಾಲೇಜಿಗೆ ಬರಲ್ಲ. ಬರೋರ್ ಬಗ್ಗೆ ಯೋಚ್ನೆ ಮಾಡ್ಬೇಕು ನಾವು." ಸೇತುರಾಮರು ಮುಂದಕ್ಕೆ ಬಾಗಿದರು, ದನಿ ಇಳಿಯಿತು. "ಇನ್ನೊಂದು. ನನ್ ಲಾಗಿನ್ ವಿಷ್ಯ ಅಲ್ಲಿ ತೆಗೀಬೇಡಿ. ಇಂಟರ್ನಲ್ ಮಾರ್ಕ್ಸ್ ಎಲ್ಲಾ ನೀವೇ ಕೂತು ಹಾಕ್ತಿದ್ರಿ ಅಂತ ಆಚೆ ಬಂದ್ರೆ..."

ಹೌದು, ಹಾಕುತ್ತಿದ್ದಳು. "ನನ್ ಕಣ್ಣು ನೋಯುತ್ತೆ, ನೀವೇ ಹಾಕ್ಬಿಡಿ ಲಕ್ಷ್ಮಿ" ಎಂದು ಪ್ರತಿ ಸೆಮಿಸ್ಟರಿನಲ್ಲೂ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದರು. ಅದು ಅವಳಿಗೆ ಅಂದು ಗೌರವವೆನಿಸುತ್ತಿತ್ತು.

ನಿಜ ಹೇಳಿದರೆ ಕೆಲಸ ಹೋಗುತ್ತದೆ. ಮನೆಯಲ್ಲಿ ಮಗ್ಗುಲು ಬದಲಿಸಲಾರದ ಅತ್ತೆ. ನಿಜ ಹೇಳಿದರೂ ಆ ಚಿತ್ರ ಮಾಡಿದವನು ಸಿಗಲಾರ, ಹೋದ ಚಿತ್ರವೂ ಹಿಂದೆ ಬಾರದು. ಎಷ್ಟು ಫೋನುಗಳಲ್ಲಿ ಅದು ಕುಳಿತಿದೆಯೋ ಯಾರು ಬಲ್ಲರು. ಆ ಹುಡುಗಿ ಒಬ್ಬಳೇ ಅಲ್ಲ, ಯಾರು ಬೇಕಾದರೂ ಮಾಡಬಹುದಿತ್ತು ಎಂಬುದಷ್ಟೇ ಉಳಿಯುವುದು. ಅಷ್ಟನ್ನು ಬಾಯಿ ಬಿಟ್ಟು ಹೇಳುವವರು ಈ ಕ್ಯಾಂಪಸ್ಸಿನಲ್ಲಿ ಅವಳ ಹೊರತು ಇನ್ನು ಯಾರೂ ಇರಲಿಲ್ಲ.

"ನಾನು ನಿಮ್ ಒಳ್ಳೇದಕ್ಕೇ ಹೇಳ್ತಿರೋದು," ಸೇತುರಾಮರು ಮಾತು ಮುಂದುವರಿಸಿದರು. "ಏಜೆನ್ಸಿಯೋರ ಹತ್ರ ನಾನೇ ಮಾತಾಡಿದೀನಿ. ಒಂದು ತಿಂಗಳು ಲೈಬ್ರರಿಗೆ ಹಾಕಿಸ್ತೀನಿ, ಗಲಾಟೆ ತಣ್ಣಗಾದ್ಮೇಲೆ ಮತ್ತೆ ಲ್ಯಾಬಿಗೇ... ಏನು? ಎಲ್ಲಿಗೆ?"

ಪುಟ್ಟಲಕ್ಷ್ಮಿ ಎದ್ದಿದ್ದಳು. ಕುರ್ಚಿಯನ್ನು ಸದ್ದಾಗದಂತೆ ಹಿಂದಕ್ಕೆ ಸರಿಸಿದಳು.

"ಇನ್ನೂ ಕರೆದಿಲ್ಲ ರೀ ಅವರು. ಕೂತ್ಕೊಳ್ಳಿ. ಮೊದ್ಲು ಏನ್ ಹೇಳ್ತೀರಾ ಅಂತ ನನ್ ಮುಂದೆ ಒಂದ್ಸಲ ಹೇಳಿ, ಆಮೇಲೆ ಒಟ್ಟಿಗೇ ಹೋಗೋಣ. ಪುಟ್ಟಲಕ್ಷ್ಮಿ, ನಾನ್ ಮಾತಾಡ್ತಾ ಇದೀನಿ..."

ಅವಳು ಬಾಗಿಲು ತೆಗೆದಳು. ಕಾರಿಡಾರಿನಲ್ಲಿ ನಿಂತಿದ್ದ ಮಕ್ಕಳು ಮಾತು ನಿಲ್ಲಿಸಿ ದಾರಿ ಬಿಟ್ಟರು. ಅವಳು ಯಾರ ಮುಖವನ್ನೂ ನೋಡದೆ ಶಿವಕಿರಣನ ಕೋಣೆಗೆ ಹತ್ತುವ ಮೆಟ್ಟಿಲ ಕಡೆಗೆ ನಡೆದಳು. ಹಿಂದಿನಿಂದ ಸೇತುರಾಮರ ದನಿ ಬರುತ್ತಲೇ ಇತ್ತು. "ಅತ್ತೆ ಗತಿ ಏನು ಅಂತಾದ್ರೂ ಒಂದ್ಸಲ..."