ಹೊನ್ನೆ ಪಟ್ಟಿ ಬೇಯಿಸಿದ ನೀರು

ಹತ್ತನೇ ತರಗತಿ ಪರೀಕ್ಷೆಯನ್ನು ನಾನು ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಬರೆದೆ. ಸಮಾಜ ವಿಜ್ಞಾನದ ಪುಸ್ತಕದಲ್ಲಿ ಹಾಯಿಹಡಗಿನ ಚಿತ್ರವೊಂದಿತ್ತು. ಪಾಠ ಮರೆತುಹೋಯಿತು, ಹಡಗು ಮಾತ್ರ ತಲೆಯಲ್ಲಿ ಉಳಿಯಿತು. ಸಮುದ್ರವನ್ನು ನಾನು ಇವತ್ತಿಗೂ ನೋಡಿಲ್ಲ. ಆದರೂ ಮೊಳದುದ್ದದ ಒಂದು ಹಡಗನ್ನು ಮರದಲ್ಲಿ ಮಾಡಲೇಬೇಕೆಂದು ಹಟ ಹಿಡಿದೆ.

ನನ್ನ ಕೆಲಸ ಶಿಡ್ಲಘಟ್ಟದ ಒಂದು ಫಿಲೇಚರಿನಲ್ಲಿ. ಅಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಬೇಯಿಸುವ ಹಬೆ ಬಾಯ್ಲರಿನಿಂದ ಬರುತ್ತದೆ, ಬಾಯ್ಲರ್ ನೋಡಿಕೊಳ್ಳುವವನು ನಾನು. ಬೆಳಿಗ್ಗೆ ಉರಿ ಹಾಕಿದ ಮೇಲೆ ಸಂಜೆ ಆರಿಸುವ ತನಕ ಬಿಟ್ಟು ಹೋಗುವಂತಿಲ್ಲ. ತಗಡಿನ ಕೋಣೆ, ಒಂದೇ ಬಾಗಿಲು, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ. ಆ ಕೊಳವೆಯ ಮೇಲೆ ಯಾವಾಗಲೂ ಒಂದು ಕಣ್ಣಿರಬೇಕು. ಮೂತ್ರಕ್ಕೆ ಹೋಗಬೇಕಾದರೂ ಯಾರನ್ನಾದರೂ ಕೂಗಿ ನಿಲ್ಲಿಸಿಯೇ ಹೋಗಬೇಕು. ಹನ್ನೊಂದು ವರ್ಷದಿಂದ ಹೀಗೇ. ಹಡಗು ಮಾಡಲು ನನಗೆ ಸಿಕ್ಕ ಜಾಗವೂ ಆ ಕೋಣೆಯೇ.

ಚಿಂತಾಮಣಿಯ ಮರದ ಮಿಲ್ಲಿನಲ್ಲಿ ಹಳೆಯ ಹೊನ್ನೆ ಮರದ ಬಾಗಿಲಿನ ತುಂಡೊಂದನ್ನು ಪಟ್ಟಿ ಪಟ್ಟಿಯಾಗಿ ಸೀಳಿಸಿ ತಂದಿದ್ದೆ. ಬೆಂಕಿಕಡ್ಡಿಯಷ್ಟು ದಪ್ಪ, ಪೆನ್ಸಿಲಿನಷ್ಟು ಅಗಲ. ಹಡಗಿನ ಹೊಟ್ಟೆಗೆ ಅಂಟಿಸುವಾಗ ತೊಂದರೆಯಿಲ್ಲ. ಮೂತಿಯ ಹತ್ತಿರ ಬಂದಾಗ ಪಟ್ಟಿ ಒಳಕ್ಕೆ ಬಾಗಬೇಕು, ಅಲ್ಲೇ ಮುರಿಯುತ್ತಿತ್ತು. ಎಷ್ಟೋ ವರ್ಷ ಒಣಗಿ ಪೆಡಸಾದ ಮರ. ಒಂದು ದಿನ ಪೂರ್ತಿ ನೆನೆಸಿಟ್ಟೆ, ಮುರಿಯಿತು. ಹಬೆ ಹೋಗುವ ಬಿಸಿ ಕಬ್ಬಿಣದ ಕೊಳವೆಗೆ ಒತ್ತಿ ಬಾಗಿಸಿದೆ, ಹೊರಮೈಯಲ್ಲಿ ಸಿಬಿರೆದ್ದು ಟಕ್ ಎಂದಿತು. ಹೊರಮೈ ಎಳೆತ ತಾಳದೆ ಸೀಳುತ್ತದೆ ಎಂದು ಅರ್ಥವಾದ ಮೇಲೆ, ಪೆಟ್ಟಿಗೆಗಳಿಗೆ ಬಿಗಿಯುವ ತೆಳ್ಳನೆಯ ಉಕ್ಕಿನ ಪಟ್ಟಿಯನ್ನು ಬೆನ್ನಿಗೆ ಕೊಟ್ಟು ಎರಡನ್ನೂ ಒಟ್ಟಿಗೆ ಹಿಡಿದು ಬಾಗಿಸಿದೆ. ಅರ್ಧ ಬಾಗಿ ಮುರಿಯಿತು. ಮೂವತ್ತು ಪಟ್ಟಿಗಳಲ್ಲಿ ಒಂಬತ್ತು ಉಳಿದವು. ಮರ ಒಳಗಿನ ತನಕ ಬೇಯಬೇಕು ಎಂದು ನನಗನ್ನಿಸಿತು.

ಗೂಡು ಬೇಯಿಸುವ ತೊಟ್ಟಿ ಒಬ್ಬ ಅಕ್ಕನ ವಶದಲ್ಲಿತ್ತು. ನಾನು ಸೇರುವುದಕ್ಕೂ ಮೊದಲಿನಿಂದ ಅವರದೇ ಆ ಜಾಗ. ನಾನು ಕೋಣೆ ಬಿಡಲಾಗದೆಂದು ನನ್ನ ಟೀಯನ್ನು ಅವರೇ ತಂದು ಕೊಡುತ್ತಿದ್ದರು. ಮುರಿದ ಪಟ್ಟಿಗಳನ್ನು ಕಂಡು, “ನಿನ್ನ ಹಡಗು ಹಲ್ಲುಕಡ್ಡಿ ಆಗೋಯ್ತಲ್ಲಪ್ಪ” ಎಂದು ನಗುತ್ತಿದ್ದರು.

ಒಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೊರಗೆ ಹೋಗಿದ್ದಾಗ ಒಂಬತ್ತೂ ಪಟ್ಟಿಗಳನ್ನು ಅಕ್ಕನ ತೊಟ್ಟಿಗೆ ಹಾಕಿ ಹಬೆ ಬಿಟ್ಟೆ. ತೊಟ್ಟಿ ನನ್ನ ಬಾಗಿಲಿನಿಂದ ನಾಲ್ಕೇ ಹೆಜ್ಜೆ. ಅರ್ಧ ಗಂಟೆ ಕುದಿಸಿ, ಬೆನ್ನಿಗೆ ಉಕ್ಕು ಕೊಟ್ಟು, ಹಬೆಯ ಕೊಳವೆಯ ಸುತ್ತ ನಿಧಾನಕ್ಕೆ ಒತ್ತಿದೆ. ಬಾಗಿತು. ಶಬ್ದವೇ ಬರಲಿಲ್ಲ. ಏಳು ಪಟ್ಟಿಗಳು ಹಾಗೆ ಬಾಗಿದವು. ಹೊನ್ನೆ ನೀರಿಗೆ ಬಣ್ಣ ಬಿಡುತ್ತದೆಂದು ನನಗೆ ಗೊತ್ತಿತ್ತು. ಗೂಡು ಬೆಂದ ನೀರು ಹೇಗೂ ಕಂದು, ಇದೂ ಅದರಲ್ಲೇ ಸೇರಿಹೋಗುತ್ತದೆ ಎಂದುಕೊಂಡು ನೀರು ಬದಲಿಸದೆ ಬಿಟ್ಟೆ.

ಊಟ ಮುಗಿಸಿ ಬಂದ ಅಕ್ಕ ತೊಟ್ಟಿ ನೋಡಿ ನಿಂತರು. “ನೀರು ಒಂಥರಾ ಐತಲ್ಲಪ್ಪ. ನಿಂಗೆ ಕಾಣ್ತದಾ?”

“ಏನೂ ಇಲ್ಲ ಅಕ್ಕ, ದಿನಾ ಇದ್ದಂಗೇ ಐತೆ” ಎಂದೆ.

ಅವರು ಕಣ್ಣುಜ್ಜಿಕೊಂಡು ಗೂಡು ಸುರಿದರು.

ಎರಡು ದಿನದ ಮೇಲೆ ಆ ನೂಲಿನ ಲಡಿಗಳು ಬಿಳುಪು ಬಿಟ್ಟು ಟೀ ಸೋಸಿದ ಬಟ್ಟೆಯ ಬಣ್ಣಕ್ಕೆ ಬಂದಿದ್ದವು. ಮಾಲೀಕರಾದ ಸಾಹೇಬರು ಅಕ್ಕನನ್ನು ಕರೆದರು. ಅವರು ಬೈಯುವವರಲ್ಲ. ಕೊಳೆತ ಗೂಡು ಸೇರಿಕೊಂಡಿರಬೇಕು, ನಿಮಗೆ ಕಂಡಿಲ್ಲ, ವಯಸ್ಸಾಯಿತು, ಸ್ವಲ್ಪ ದಿನ ಮನೆಯಲ್ಲಿರಿ ಎಂದು ಮೆತ್ತಗೆ ಹೇಳಿದರು. ಅಕ್ಕ ವಾದಿಸುತ್ತಾರೆ ಎಂದುಕೊಂಡೆ. “ಹೌದು ಸಾಹೇಬ್ರೆ, ನನ್ನ ಕಣ್ಣೇ ಸರಿಯಿಲ್ಲ ಅನ್ಸುತ್ತೆ” ಎಂದರು. ನಾನು ಬಾಗಿಲಲ್ಲಿ ನಿಂತು ಗಾಜಿನ ಕೊಳವೆಯನ್ನೇ ನೋಡುತ್ತಿದ್ದೆ.

ಯಾಕೆ ಬಾಯಿ ಬಿಡಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೆಲಸ ಹೋಗುವ ಭಯ ಇತ್ತು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವಯಸ್ಸಿನವನು ಆಟದ ಹಡಗಿಗಾಗಿ ಇದನ್ನು ಮಾಡಿದ ಎಂದು ಎಲ್ಲರಿಗೂ ತಿಳಿಯುತ್ತದಲ್ಲ ಎಂಬ ನಾಚಿಕೆ. ತೊಟ್ಟಿಗೆ ಬೇರೆ ಹೆಂಗಸು ಬಂದಳು. ಟೀ ತರುವವರಿರಲಿಲ್ಲ. ಬಾಗಿದ ಏಳು ಪಟ್ಟಿಗಳು ಬಾಯ್ಲರಿನ ಪಕ್ಕ ಒಣಗುತ್ತಿದ್ದವು. ಮೊದಲು ಕೋಣೆ ಬಿಡದಂತೆ ಕಾಲಿಗೆ ಮಾತ್ರ ಕಟ್ಟು ಇದ್ದ ಹಾಗಿತ್ತು, ಅಕ್ಕ ಇಲ್ಲದ ಆ ನಾಲ್ಕು ದಿನ ಉಸಿರಿಗೂ ಬಿದ್ದಿತ್ತು.

ಭಾನುವಾರ ಹೇಳಿಬಿಡೋಣವೆಂದು ಅಕ್ಕನ ಮನೆಗೆ ಹೋದೆ. ಅವರು ಮೊರದಲ್ಲಿ ಅಕ್ಕಿ ಹಾಕಿಕೊಂಡು, ಒಂದು ಸಲ ಆರಿಸಿದ್ದನ್ನೇ ಮತ್ತೆ ಆರಿಸುತ್ತಿದ್ದರು. ಚಿಕ್ಕಬಳ್ಳಾಪುರಕ್ಕೆ ಹೋಗಿ ಕಣ್ಣು ತೋರಿಸಿ ಬಂದಿದ್ದರಂತೆ. “ಡಾಕ್ಟ್ರು ಚೆನ್ನಾಗೈತೆ ಅಂತಾರೆ. ಅವರಿಗೇನ್ ಗೊತ್ತು? ತೊಟ್ಟಿ ಮುಂದೆ ನಿಂತಿದ್ದೋಳು ನಾನು” ಎಂದು, ಕಲ್ಲು ಉಳಿದಿದೆಯೇ ನೋಡು ಎಂದು ಮೊರವನ್ನು ನನ್ನ ಮುಂದಿಟ್ಟರು. ಒಂದೂ ಕಲ್ಲಿರಲಿಲ್ಲ. ಅಷ್ಟನ್ನು ಮಾತ್ರ ಹೇಳಿ ಎದ್ದು ಬಂದೆ.

ಮರುದಿನ ಉರಿ ಹಾಕುವ ಮೊದಲೇ ಸಾಹೇಬರ ಮುಂದೆ ಹೋಗಿ ನಿಂತು ಎಲ್ಲವನ್ನೂ ಹೇಳಿದೆ. ಅವರ ಮೇಜಿನ ಮೇಲೆ, ಸಕ್ಕರೆ ಕಾಯಿಲೆಗೆಂದು ದಿನಾ ನೀರು ನೆನೆಸಿಟ್ಟು ಕುಡಿಯುವ ಹೊನ್ನೆ ಮರದ ಲೋಟ ಇತ್ತು. ಅದನ್ನು ಬೆಳಕಿಗೆ ಓರೆ ಮಾಡಿ ಒಳಗಿನ ನೀರನ್ನು ಬಗ್ಗಿ ನೋಡಿದರು. “ದಿನಾ ಕುಡಿಯೋನು ನಾನು. ನಂಗೇ ಈ ಬಣ್ಣ ಗೊತ್ತಾಗ್ಲಿಲ್ಲ” ಎಂದರು. ನನ್ನನ್ನು ಕೆಲಸದಿಂದ ಬಿಡಿಸಿಬಿಡಿ ಎಂದೆ.

“ನಿನ್ನ ಕಳಿಸಿ ಬಾಯ್ಲರ್ ಯಾರ ಕೈಗೆ ಕೊಡಲಪ್ಪ? ಹೋಗು, ಉರಿ ಹಾಕು. ಸಂಜೆ ಆ ಅಮ್ಮನ ಮನೆಗೆ ಹೋಗಿ ನೀನೇ ಹೇಳು. ನಾಳೆಯಿಂದ ಬರಲಿ.”

ಸಂಜೆ ಹೋಗಿ ಹೇಳಿದೆ. ಅಕ್ಕ ಬೈಯಲಿಲ್ಲ. “ಅವತ್ತು ಕೇಳಿದ್ನಲ್ಲಪ್ಪ ನಿನ್ನ” ಎಂದರು.

ಮರುದಿನ ಅವರು ತಮ್ಮ ಜಾಗಕ್ಕೆ ಬಂದರು. ಹಡಗಿನ ಒಂದು ಪಕ್ಕ ಮುಗಿದಿದೆ, ಇನ್ನೊಂದು ಪಕ್ಕಕ್ಕೆ ನಾನು ಕೈ ಹಾಕಿಲ್ಲ. ಊಟದ ಹೊತ್ತಿಗೆ ಎಲ್ಲರೂ ಹೊರಗಿನ ಹುಣಸೆಮರದ ನೆರಳಿಗೆ ಹೋಗುತ್ತಾರೆ, ಮಾತು ನಗು ಒಳಗಿನ ತನಕ ಕೇಳುತ್ತದೆ. ಅಕ್ಕ ಈಗ ಹೋಗುವುದಿಲ್ಲ. ಆ ಸೆಕೆಯಲ್ಲೇ ತೊಟ್ಟಿಯ ಕಟ್ಟೆಗೆ ಒರಗಿ ಕೂತು ಡಬ್ಬಿ ಬಿಚ್ಚುತ್ತಾರೆ. ನಾನು ಎದುರಿಗೆ ನನ್ನ ಬಾಗಿಲಲ್ಲಿ ಕೂತು ತಿನ್ನುತ್ತೇನೆ. ನೀವು ಹೋಗಿ ಬನ್ನಿ ಅಕ್ಕ, ತೊಟ್ಟಿ ನಾನು ನೋಡಿಕೊಳ್ಳುತ್ತೇನೆ ಎನ್ನಲು ನನಗೆ ಬಾಯಿಲ್ಲ.