ಹಿಮ್ಮಡಿ ಇಲ್ಲದ ಹೆಜ್ಜೆ

ಮಗು ಮೊದಲ ಹೆಜ್ಜೆ ಇಟ್ಟ ದಿನ ಎಲ್ಲರ ಮನೆಯಲ್ಲೂ ನೆನಪಿರುತ್ತದೆ. ನನ್ನ ಮೊಮ್ಮಗಳು ಚಾರು ಎರಡು ಸಲ ನಡೆಯಲು ಕಲಿತಳು. ನಾನು ಹೇಳುವುದು ಎರಡನೆಯ ಸಲದ್ದು.

ಆಗ ಅವಳು ಒಂದನೇ ಕ್ಲಾಸು. ಮಗನಿಗೆ ತಿರುವನಂತಪುರದ ಹತ್ತಿರ, ತುಂಬ ಅನ್ನುವ ಊರಲ್ಲಿ ರಾಕೆಟ್ಟಿನ ಕೆಲಸ. ಆ ಮಳೆಗಾಲ ಜ್ವರ ಬಂದು ಇಳಿಯುವಷ್ಟರಲ್ಲಿ ಮಗುವಿನ ಕಾಲಿನ ಬಲ ಹೋಗಿತ್ತು. ಬಲ ನಿಧಾನಕ್ಕೆ ತಿರುಗಿ ಬಂತು, ಆದರೆ ಎಡಗಾಲಿನ ಹಿಮ್ಮಡಿ ನೆಲಕ್ಕೆ ಇಳಿಯಲಿಲ್ಲ. ಕೊಚ್ಚಿಯ ಡಾಕ್ಟರು, ಹಿಂದಿನ ನರ ಬಿಗಿದಿದೆ, ಓಣಂ ಕಳೆದ ಮೇಲೆ ಬನ್ನಿ, ಆಗಲೂ ಹಿಮ್ಮಡಿ ಊರದಿದ್ದರೆ ಕುಯ್ಯಬೇಕಾಗುತ್ತದೆ ಎಂದು ಕಳಿಸಿದರು.

ದಿನಾ ಬೆಳಿಗ್ಗೆ ನಾನೇ ಅವಳನ್ನು ನಡಿಗೆ ಕಲಿಸುವ ಕಡೆಗೆ ಕರೆದುಕೊಂಡು ಹೋಗುತ್ತಿದ್ದೆ. ಫಿನಾಯಿಲು, ನೋವಿನ ಎಣ್ಣೆಯ ವಾಸನೆ. ಎರಡು ಕಡೆ ಕಬ್ಬಿಣದ ಕಂಬಿ, ಎದುರಿಗೆ ಆಳೆತ್ತರದ ಕನ್ನಡಿ. ಕಲಿಸುವವಳು ಬೀನಾ.

"ಉಪ್ಪೂಟ್ಟಿ ಆದ್ಯಂ, ಮೋಳೇ!" ಎಂದು ಕೂಗುತ್ತಿದ್ದಳು. ಹಿಮ್ಮಡಿ ಮೊದಲು, ಮಗಳೇ, ಅಂತ.

ಕನ್ನಡಿ ಮುಂದೆ ಚಾರು ಹಿಮ್ಮಡಿಯನ್ನು ಒತ್ತಲು ನೋಡುತ್ತ ನಡೆಯುತ್ತಿದ್ದಳು. ಮನೆಗೆ ಬಂದರೆ ಗೋಡೆ ಹಿಡಿದು ಸರಸರ ಓಡಾಟ.

"ಏನೇ, ಬಿಸಿ ಮರಳು ತುಳಿದ ಕೋಳಿ ಥರ ಹೋಗ್ತಿದೀಯ? ಕಾಲೂರು!"

"ಊರ್ತಾ ಇದೀನಿ ಅಜ್ಜಿ!"

"ಅಮ್ಮ, ಸುಮ್ನಿರಿ. ಚೆನ್ನಾಗೇ ನಡೀತಾಳೆ," ಎಂದಳು ಸೊಸೆ. ಮಗನೂ ಹಾಗೇ ಅಂದ. ನನ್ನ ಕಣ್ಣು ಮಂದ. ಲಂಗದ ಕೆಳಗೆ ಹಿಮ್ಮಡಿ ಇಳಿಯಿತೋ ಇಲ್ಲವೋ ನನಗೆ ಕಾಣುತ್ತಿರಲಿಲ್ಲ. ಅದಕ್ಕೇ ಅನ್ನ ಇಳಿಯುತ್ತಿರಲಿಲ್ಲ.

ಅಷ್ಟಮಿ ಬಂತು. ಚಕ್ಕುಲಿ ಕರಿದಿದ್ದೆವು. ಬಾಗಿಲಿಂದ ದೇವರ ಗೂಡಿನವರೆಗೆ ಕೃಷ್ಣನ ಹೆಜ್ಜೆ ಬರೆಯಲು ಸೊಸೆ ಅಕ್ಕಿಹಿಟ್ಟು ಕಲಸಿ, ಮುಷ್ಟಿ ಅದ್ದಿದಳು.

"ಮುಷ್ಟಿ ಯಾಕೆ? ಮನೇಲಿ ಮಗು ಇಲ್ವಾ?" ಎಂದೆ.

ಚಾರುವಿನ ಪಾದ ತಟ್ಟೆಯಲ್ಲಿ ಅದ್ದಿಸಿದೆ. ಅವಳು ಗೆಜ್ಜೆ ಬೇಕೆಂದು ಹಟ ಮಾಡಿ, ಹಾಕಿಸಿಕೊಂಡು, ಒಳಗೆ ನಡೆದಳು. ಹಿಂದೆ ತಿರುಗಿ ನೋಡಿದೆವು. ಬಲಗಾಲು ಇಡಿಯಾಗಿ ಮೂಡಿತ್ತು. ಎಡಗಾಲಿನದು ಬರೀ ಬೆರಳು. ಬಾಗಿಲಿಂದ ಗೂಡಿನವರೆಗೂ ಬರೀ ಬೆರಳು.

ಸೊಸೆ ಒರೆಸುವ ಬಟ್ಟೆ ತಂದಳು. "ಮುಟ್ಬೇಡ," ಎಂದೆ.

"ಅದು ಕೃಷ್ಣಂಡೆ ಕಾಲ್. ಎಂಡೆ ಅಲ್ಲ," ಎಂದಳು ಚಾರು. ಕೃಷ್ಣನ ಕಾಲು, ನಂದಲ್ಲ ಅಂತ. ಸುಳ್ಳು ಹೇಳುವಾಗ ಅವಳಿಗೆ ಮಲಯಾಳವೇ ಬರುತ್ತಿತ್ತು.

"ಹಂಗಾದ್ರೆ ಕೃಷ್ಣನ ಕಾಲೂ ಕುಯ್ಸೋಣ. ನಡಿ ಕೊಚ್ಚಿಗೆ," ಎಂದೆ.

ಅವಳು ಆ ಹೆಜ್ಜೆಗಳನ್ನೇ ನೋಡುತ್ತ ಕೂತಳು. ಆಮೇಲೆ ಅತ್ತಳು.

ಮಗ ತೆಗೆದ ಹೆಜ್ಜೆಗಳ ಫೋಟೋ ನೋಡಿ ಬೀನಾ, ಇದನ್ನು ದಿನಾ ಮಾಡಿಸಿ ಎಂದಳು. ಅವಳು ಮಗುವಿನ ಪಾದವನ್ನು ಮೇಲಕ್ಕೆ ಒತ್ತುವಾಗ ನಾನು ಮೊಣಕಾಲು ಹಿಡಿದುಕೊಳ್ಳುತ್ತಿದ್ದೆ. ಮಗು ಕಿರುಚುತ್ತಿತ್ತು, ನನ್ನ ಕೈ ಕಚ್ಚುತ್ತಿತ್ತು. ನಾನು ಬಿಡಲಿಲ್ಲ. ಮನೆ ತುಂಬ ಹಿಟ್ಟು, ಹಿಟ್ಟಿಗೆ ಇರುವೆ. ಸಂಜೆ ಚಾರುವೇ ತಟ್ಟೆ ತಂದು, "ಅಜ್ಜಿ, ಬಾ, ನೋಡು," ಎನ್ನುತ್ತಿದ್ದಳು. ಎಡಗಾಲಿನ ಗುರುತು ಹಿಂದಕ್ಕೆ ಬೆಳೆಯಿತು. ಆದರೆ ಹಿಮ್ಮಡಿಯ ಜಾಗ ಮಾತ್ರ ಖಾಲಿ.

ಖಾಲಿ ಇರುವಾಗಲೇ ಓಣಂ ಕಳೆಯಿತು. ಕೊಚ್ಚಿಗೆ ಹೋದೆವು.

"ನಡಿ ನೋಡೋಣ," ಎಂದರು ಡಾಕ್ಟರು. ಚಾರು ಶೂ ಬಿಚ್ಚಿ ನನ್ನ ಕಡೆ ನೋಡಿದಳು.

"ಅಜ್ಜಿ, ಹಿಟ್ಟು?"

"ಇಲ್ಲೆಲ್ಲಿದೆಯೇ ಹಿಟ್ಟು?"

ನನ್ನ ಕೈಯಲ್ಲಿದ್ದ ನೀರಿನ ಬಾಟಲಿ ಕಿತ್ತುಕೊಂಡು ಕಾಲಿಗೆ ಸುರಿದುಕೊಂಡಳು. ನೆಲ ಒರೆಸುವ ಹೆಂಗಸು ಅಯ್ಯೋ ಎಂದು ಕೂಗಿದಳು. ಚಾರು ನಡೆದಳು. ಸೊಸೆ ಕಣ್ಣು ಮುಚ್ಚಿದ್ದಳು. ನಾನು ನೆಲದ ಮೇಲೆ ಬಗ್ಗಿದೆ. ಡಾಕ್ಟರೂ ಬಗ್ಗಿದರು. ಎಡಗಾಲಿನ ಹಿಮ್ಮಡಿಯ ಜಾಗದಲ್ಲಿ ಉಗುರಿನಷ್ಟು ಒದ್ದೆ. ಮುಂದಿನ ಹೆಜ್ಜೆಯಲ್ಲಿ ನಾಣ್ಯದಷ್ಟು.

"ಕತ್ತಿ ವೇಣ್ಡ," ಎಂದರು ಡಾಕ್ಟರು. ಚಾಕು ಬೇಡ ಅಂತ.

ಈಗ ಚಾರು ನನಗಿಂತ ಎತ್ತರ. ಬಸ್ಸಿಗೆ ಓಡುತ್ತಾಳೆ. ನಾನು ಏನು ಕೇಳಿದರೂ ಮಲಯಾಳದಲ್ಲಿ ಉತ್ತರ ಎಸೆದು ಹೋಗುತ್ತಾಳೆ. ಎಲ್ಲಾ ಸುಳ್ಳೇ ಇರಲಾರದು. ಬಾ ಅಜ್ಜಿ, ನೋಡು ಅಂತ ಕರೆಯುವುದು ನಿಂತು ಹೋಯಿತು.

ಈ ಸಲ ಅಷ್ಟಮಿಗೆ ಸೊಸೆ ಅಂಗಡಿಯಿಂದ ಹೆಜ್ಜೆಯ ಸ್ಟಿಕ್ಕರು ತಂದು ಅಂಟಿಸಿದಳು. ಇರುವೆ ಬರುವುದಿಲ್ಲ, ಒರೆಸುವುದೂ ಬೇಡ. ಎರಡು ಕಾಲಿಗೂ ದುಂಡನೆಯ ಹಿಮ್ಮಡಿ ಇದೆ. ಬಗ್ಗಿ ನೋಡಿದೆ. ಯಾರೂ ನಡೆದು ಬಂದ ಹಾಗಿಲ್ಲ.