ಅಮ್ಮ ಹೇಳಿ ತರಿಸಿದ ಸಾಣೆಕಲ್ಲು

ರಾಜಾಜಿನಗರದಲ್ಲಿ ನಾವಿದ್ದ ಬಾಡಿಗೆ ಮನೆಯಲ್ಲಿ ಚಾಕು ಇರಲಿಲ್ಲ. ಇದ್ದದ್ದು ಅಮ್ಮನ ಈಳಿಗೆಮಣೆ. ಎಪ್ಪತ್ತರ ದಶಕದ ಮಾತು. ಅಪ್ಪ ತೀರಿಕೊಂಡಿದ್ದರು, ಮನೆಯಲ್ಲಿ ನಾವಿಬ್ಬರೇ. ನಾನು ಆಫೀಸಿನಲ್ಲಿ ದಿನವಿಡೀ ಟೈಪು ಕುಟ್ಟಿ ಬಸ್ಸಿನಲ್ಲಿ ನಿಂತುಕೊಂಡು ಮನೆ ಸೇರುವ ಹೊತ್ತಿಗೆ ಅಮ್ಮ ತರಕಾರಿ ಹೆಚ್ಚಿಟ್ಟಿರುತ್ತಿದ್ದಳು. ಕಣ್ಣಿಗೆ ಪೊರೆ ಬಂದ ಮೇಲೆ ಒಲೆಯ ಕೆಲಸವನ್ನು ನನಗೆ ಬಿಟ್ಟಿದ್ದಳು. ಹೆಚ್ಚುವುದನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ. ಹುರುಳಿಕಾಯಿಯನ್ನು ಅವಳಷ್ಟು ಸಣ್ಣಗೆ ಹೆಚ್ಚುವವರನ್ನು ನಾನು ಇವತ್ತಿಗೂ ಕಂಡಿಲ್ಲ.

ಸೈಕಲ್ಲಿನಲ್ಲಿ ಬರುತ್ತಿದ್ದ ಸಾಣೆಯವನು ನಮ್ಮ ರಸ್ತೆಗೆ ಬರುವುದನ್ನು ನಿಲ್ಲಿಸಿದಾಗ, ಒಂದು ಸಾಣೆಕಲ್ಲು ತಾ ಎಂದಳು.

"ದೊಡ್ಡದು ತರ್ಬೇಡ ಕಣೇ. ಅಲಗು ಮಣೆಗೆ ಕೂತಿರುತ್ತೆ, ಕಲ್ಲನ್ನೇ ಅದರ ಹತ್ರ ತಗೊಂಡು ಹೋಗ್ಬೇಕು. ಕೈಲಿ ಹಿಡಿಯೋ ಹಾಗಿರ್ಲಿ. ಒಂದು ಕಡೆ ಒರಟು, ಒಂದು ಕಡೆ ನುಣುಪು ಇರೋದನ್ನೇ ಕೇಳು."

ಅಂಗಡಿಯವನು ಮೊದಲು ತೋರಿಸಿದ್ದು ಹಿಡಿ ಇದ್ದ, ಎರಡು ಪುಟ್ಟ ಚಕ್ರಗಳ ಒಂದು ಸಾಮಾನು.

"ಚಾಕು ಮಧ್ಯ ಇಟ್ಟು ಎಳೆದ್ರೆ ಆಯ್ತು ಮೇಡಂ. ಈಗ ಎಲ್ಲಾರೂ ಇದನ್ನೇ ತಗೊಳ್ಳೋದು."

"ನಮ್ಮನೇಲಿರೋದು ಈಳಿಗೆಮಣೆ. ಮಣೆ ಸಮೇತ ಎಳೀಲಾ?" ಎಂದೆ. ನನ್ನ ಬಾಯಿ ಆಗಲೂ ಜೋರೇ. ನಾಲ್ಕು ಕಲ್ಲುಗಳನ್ನು ತೆಗೆಸಿ, ಸವರಿ ನೋಡಿ, ಅಮ್ಮ ಹೇಳಿದಂಥದ್ದನ್ನೇ ಆರಿಸಿದೆ. ಆರಿಸಿದ್ದಕ್ಕೆ ಖುಷಿಯೂ ಆಗಿತ್ತು.

ಮನೆಗೆ ಬಂದರೆ ಅಮ್ಮ ಎಡಗೈ ಬೆರಳಿಗೆ ಅರಿಶಿನ ಒತ್ತಿಕೊಂಡು ಕೂತಿದ್ದಾಳೆ. ಹಾಗಲಕಾಯಿಯ ಹೋಳಿನ ಮೇಲೆಲ್ಲ ರಕ್ತ. "ಏನೂ ಇಲ್ಲ, ಮೊಂಡಾಗಿದೆ ನೋಡು, ಜಾರ್ತು" ಎಂದಳು. ಮೊಂಡಾಗಿದ್ದೇ ಹೀಗೆ ಕೊಯ್ದಿದೆ, ಹರಿತವಾದರೆ ಬೆರಳೇ ಹೋದೀತು ಎಂದುಕೊಂಡೆ. ಕಲ್ಲನ್ನು ನನ್ನ ಟ್ರಂಕಿನಲ್ಲಿ ಸೀರೆಗಳ ಅಡಿಗೆ ತಳ್ಳಿ, "ಸಿಗಲಿಲ್ಲಮ್ಮ" ಎಂದೆ.

ಅವಳು ಬಿಡಲಿಲ್ಲ. ಆಯುಧಪೂಜೆ ಹತ್ತಿರ ಬಂದಿತ್ತು. ಮೊಂಡು ಈಳಿಗೆಗೆ ಕುಂಕುಮ ಇಡುವುದು ಹೇಗೆ ಎಂದು ದಿನಾ ಅದೇ ರಾಗ. ರೋಸಿಹೋಗಿ ಒಂದು ಭಾನುವಾರ ಈಳಿಗೆಮಣೆಯನ್ನು ಹಳೇ ಟವಲಿನಲ್ಲಿ ಸುತ್ತಿಕೊಂಡು, ಕಾಮಾಕ್ಷಿಪಾಳ್ಯದ ವರ್ಕ್‌ಶಾಪಿನಲ್ಲಿ ಸಾಣೆ ಹಿಡಿಸಿಕೊಂಡು ಬರುತ್ತೇನೆಂದು ಹೊರಟೆ. ಹೋಗಲಿಲ್ಲ. ಪಾರ್ಕಿನ ಬೆಂಚಿನ ಮೇಲೆ ಅದನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಗಂಟೆ ಕೂತಿದ್ದು ಹಾಗೇ ವಾಪಸು ಬಂದೆ.

"ಚೆನ್ನಾಗಿ ಹಿಡಿದುಕೊಟ್ಟಿದಾನೆ" ಎಂದೆ.

ಅಮ್ಮ ಹೆಬ್ಬೆರಳಿನಿಂದ ಅಲಗನ್ನು ಮೆಲ್ಲಗೆ ಸವರಿದಳು. ಇನ್ನೊಂದು ಸಲ ಸವರಿದಳು. ಮಗಳ ಮಾತನ್ನು ಅನುಮಾನಿಸುವುದು ಅವಳಿಗೆ ಗೊತ್ತಿರಲಿಲ್ಲ. ತನ್ನ ಬೆರಳನ್ನೇ ಅನುಮಾನಿಸಿದಳು.

ಹಬ್ಬದ ದಿನ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು ಕೈಮುಗಿದಳು. ಮಾರನೆಯ ದಿನ ಹುರುಳಿಕಾಯಿ ಹೆಚ್ಚಲು ಕೂತವಳು ಅರ್ಧದಲ್ಲೇ ಎದ್ದಳು. ಹೋಳುಗಳೆಲ್ಲ ನಾರುನಾರಾಗಿ ಜಜ್ಜಿಹೋಗಿದ್ದವು.

"ಸಾಣೆ ಹಿಡಿಸಿದ್ರೂ ಹೀಗಾಗ್ತಿದೆ. ನನ್ನ ಕೈಲೇ ಶಕ್ತಿ ಇಲ್ಲ ಕಣೇ. ಇನ್ನು ನೀನೇ ಹೆಚ್ಕೋ."

"ಬಿಡಮ್ಮ, ವಯಸ್ಸಾಯ್ತಲ್ಲ" ಎಂದೆ. ಸದ್ಯ, ಗೆದ್ದೆ ಎಂದು ಸಮಾಧಾನವೂ ಆಯಿತು. ಆ ಸಮಾಧಾನವನ್ನು ನೆನೆಸಿಕೊಂಡರೆ ಈಗಲೂ ನನ್ನ ಮೇಲೇ ಅಸಹ್ಯವಾಗುತ್ತದೆ.

ಅಲ್ಲಿಂದಾಚೆಗೆ ಅವಳು ಅಡುಗೆಮನೆಯ ಒಳಗೆ ಕೂರಲಿಲ್ಲ. ಬಾಗಿಲ ಪಕ್ಕದಲ್ಲಿ ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂರುತ್ತಿದ್ದಳು. ಕೂದಲು ಬಾಚಿಕೊಡು ಎಂದಳು, ಲೋಟ ಕೈಗೆ ಕೊಡು ಎಂದಳು. ಒಂದು ವರ್ಷ ಹಾಗಿದ್ದು ಹೋಗಿಬಿಟ್ಟಳು.

ಅವಳು ಹೋದ ಮೇಲೆ ಬಂದ ಆಯುಧಪೂಜೆಗೆ, ಸೂತಕದ ವರ್ಷವೆಂದು ನಾನು ಹಬ್ಬ ಮಾಡಲಿಲ್ಲ. ಆದರೂ ಟ್ರಂಕಿನಿಂದ ಕಲ್ಲು ತೆಗೆದೆ. ನೀರು ಚಿಮುಕಿಸಿ, ಒರಟು ಕಡೆಯಿಂದ ಮೊದಲು, ನುಣುಪು ಕಡೆಯಿಂದ ಆಮೇಲೆ ಉಜ್ಜಿದೆ. ಕಾಲು ಗಂಟೆಯ ಕೆಲಸ. ಅಮ್ಮ ಕೂರುತ್ತಿದ್ದ ಹಾಗೆ ಮಣೆಯ ಮೇಲೆ ಕೂತು ಒಂದು ಹಿಡಿ ಹುರುಳಿಕಾಯಿಯನ್ನು ಅಲಗಿಗೆ ಹಿಡಿದೆ. ಒತ್ತಲೇ ಇಲ್ಲ, ತಾನಾಗಿ ಸಣ್ಣಗೆ ಬಿದ್ದವು.

ಅಮ್ಮನ ಕೈಗೆ ಏನೂ ಆಗಿರಲಿಲ್ಲ. ಅದನ್ನು ಅವಳಿಗೆ ಹೇಳಬಹುದಾಗಿದ್ದವಳು ನಾನೊಬ್ಬಳೇ.